ಹುಬ್ಬಳ್ಳಿ-ಧಾರವಾಡಕ್ಕೆ ಬರುತ್ತಿದ್ದೀರಾ? ಗುಂಟಾ ಪ್ಲಾಟಿಗೆ ಸಂಚಕಾರ ಕೊಡುವ ಮುನ್ನ

ಪ್ರಶ್ನೆ: ನನಗೆ 37 ವರ್ಷ. ಹದಿಮೂರು ವರ್ಷದಿಂದ ಬೆಂಗಳೂರಿನಲ್ಲಿದ್ದೇವೆ. ಈಗ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಸಂಬಳ ಈಗಿನದಕ್ಕಿಂತ ಸ್ವಲ್ಪ ಕಡಿಮೆ. ಹೆಂಡತಿ ಸ್ಟಾಫ್ ನರ್ಸ್. ಅವಳಿಗೆ ಹುಬ್ಬಳ್ಳಿ ವಿದ್ಯಾನಗರದ ಕಡೆ ಕೆಲಸ ಸಿಗುವ ಹಾಗಿದೆ. ಇಬ್ಬರು ಮಕ್ಕಳು, ಜೊತೆಗೆ ಅಮ್ಮ. ನಮ್ಮ ಮನೆಮಾತು ತೆಲುಗು. ಉಳಿತಾಯ 18 ಲಕ್ಷ ಇದೆ. ಹೆಂಡತಿಯ ಸೋದರಮಾವ ಹುಬ್ಬಳ್ಳಿ ಹೊರವಲಯದಲ್ಲಿ ಗುಂಟಾ ಪ್ಲಾಟ್ (ಹೊಲವನ್ನು ಗುಂಟೆ ಲೆಕ್ಕದಲ್ಲಿ ಮಾರುವ ಜಾಗ) ತೋರಿಸಿದ್ದಾರೆ. ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾದ ಪ್ಲಾಟಿನ ಅರ್ಧ ಬೆಲೆ. ‘ರಿಜಿಸ್ಟರ್ ಆಗ್ತದ, ಚಿಂತಿ ಬ್ಯಾಡ’ ಅನ್ನುತ್ತಾರೆ. ಈ ತಿಂಗಳೊಳಗೆ ಒಂದು ಲಕ್ಷ ಸಂಚಕಾರ (ಮುಂಗಡ) ಕೊಡಬೇಕಂತೆ. ಧಾರವಾಡಕ್ಕೆ ಬೇರೆ ಪಾಲಿಕೆ ಆಗುವುದರಿಂದ ಬೆಲೆ ಎರಡು ಪಟ್ಟಾಗುತ್ತದೆ ಎನ್ನುವುದು ಅವರ ಮಾತು. ಇತ್ತ ಸ್ನೇಹಿತರು ಹೆದರಿಸುತ್ತಿದ್ದಾರೆ. ಹೊರಗಿನವರಿಗೆ ಅಲ್ಲಿ ಬಾಡಿಗೆ ಮನೆ ಸಿಗಲ್ಲ, ಕೆಲಸ ಹೋದರೆ ಇನ್ನೊಂದು ಸಿಗಲ್ಲ ಅಂತ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ಮೊದಲು ಕಣ್ಣಿಗೆ ಬಿದ್ದದ್ದು ‘ಈ ತಿಂಗಳೊಳಗೆ’ ಎಂಬ ಮಾತು. ನಗರ ಯೋಜನೆ ಮತ್ತು ಆಸ್ತಿ ಕಾಗದಪತ್ರದ ಕೆಲಸದಲ್ಲಿ ನಾನು ಕಳೆದ ಇಪ್ಪತ್ತೇಳು ವರ್ಷಗಳಲ್ಲಿ ನೋಡಿದ ಹೆಚ್ಚಿನ ನಷ್ಟಗಳು ಅವಸರದಿಂದಲೇ ಆದವು. ನಿಮ್ಮ ಮುಂದೆ ಮೂರು ಪ್ರಶ್ನೆಗಳಿವೆ. ಈ ಊರಿನಲ್ಲಿ ಬದುಕು ನಡೆಯುತ್ತದೆಯೇ? ಎಲ್ಲಿ ಇರಬೇಕು? ಯಾವಾಗ, ಏನನ್ನು ಕೊಳ್ಳಬೇಕು? ಸೋದರಮಾವನವರು ನೇರವಾಗಿ ಮೂರನೆಯದಕ್ಕೆ ಹೋಗಿಬಿಟ್ಟಿದ್ದಾರೆ. ನಾವು ಮೊದಲಿನಿಂದ ಬರೋಣ.

ಸ್ನೇಹಿತರು ಹೇಳಿದ ಕೆಲಸದ ಮಾತು ಅರ್ಧ ನಿಜ, ಅರ್ಧ ಸುಳ್ಳು. ಕೆಲಸವೇ ಇಲ್ಲದ ಊರು ಇದಲ್ಲ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಿಂದ ಹುಬ್ಬಳ್ಳಿಯಲ್ಲಿದೆ. ರೈಲ್ವೆ ವರ್ಕ್‌ಶಾಪ್ ಅದಕ್ಕಿಂತ ಎಷ್ಟೋ ಹಳೆಯದು, ಹತ್ತೊಂಬತ್ತನೇ ಶತಮಾನದ್ದು. ವಾಯವ್ಯ ಸಾರಿಗೆ ಸಂಸ್ಥೆಯ ಮುಖ್ಯ ಕಚೇರಿ ಇಲ್ಲೇ. ಧಾರವಾಡದಲ್ಲಿ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಶುರುವಾದ ಐಐಟಿ ಎಲ್ಲ ಇವೆ. ಅಮರಗೋಳದ ಎಪಿಎಂಸಿಯಲ್ಲಿ ಹತ್ತಿ, ಮೆಣಸಿನಕಾಯಿ ವ್ಯಾಪಾರ ನಡೆಯುತ್ತದೆ. ನಿಮ್ಮ ಬೇಲೂರು ಪ್ರದೇಶದಲ್ಲಿ, ಗೋಕುಲ ರಸ್ತೆಯಲ್ಲಿ ಕಾರ್ಖಾನೆಗಳಿವೆ. ಬೆಂಗೇರಿಯ ಖಾದಿ ಕೇಂದ್ರದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಹೊಲಿಗೆ ಯಂತ್ರದ ಮುಂದೆ ಕೂತು ರಾಷ್ಟ್ರಧ್ವಜ ಹೊಲಿಯುತ್ತಾರೆ. ಒಂದೇ ಕಸುಬನ್ನು ನಂಬಿ ನಿಂತ ಊರಲ್ಲ ಇದು. ಅದೇ ಇದರ ಬಲ.

ಆದರೆ ನಿಮ್ಮ ಸ್ನೇಹಿತರ ಹೆದರಿಕೆಯಲ್ಲಿ ಒಂದು ಸತ್ಯವಿದೆ. ಮಧ್ಯಮ ಗಾತ್ರದ ಊರಿನಲ್ಲಿ ಕೆಲಸಗಳ ಬಗೆ ಜಾಸ್ತಿ ಇರಬಹುದು. ಒಂದೊಂದು ಬಗೆಯಲ್ಲಿ ಕೆಲಸ ಕೊಡುವವರ ಸಂಖ್ಯೆ ಮಾತ್ರ ಕಡಿಮೆ. ಬೆಂಗಳೂರಿನಲ್ಲಿ ನಿಮ್ಮ ಅನುಭವಕ್ಕೆ ಹೊಂದುವ ಕಂಪನಿಗಳು ನೂರಿದ್ದರೆ ಇಲ್ಲಿ ಬೆರಳೆಣಿಕೆಯಷ್ಟು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯಲು ಆರು ತಿಂಗಳು ಬೇಕಾಗಬಹುದು. ಅಷ್ಟು ದಿನ ತಡೆದುಕೊಳ್ಳುವ ಹಣ ಕೈಯಲ್ಲಿರಬೇಕು. ನಿಮ್ಮ 18 ಲಕ್ಷದಲ್ಲಿ ಮನೆಯ ಒಂದು ವರ್ಷದ ಖರ್ಚನ್ನು ಮುಟ್ಟದೆ ಪಕ್ಕಕ್ಕಿಡಿ. ನಾಳೆ ಸಾಲ ಮಾಡಿದರೂ ಕಂತನ್ನು ಇಬ್ಬರ ಸಂಬಳದ ಮೇಲೆ ಲೆಕ್ಕ ಹಾಕಬೇಡಿ. ಇಬ್ಬರಲ್ಲಿ ಯಾರ ಕೆಲಸ ಹೆಚ್ಚು ಗಟ್ಟಿಯೋ ಅವರೊಬ್ಬರ ಸಂಬಳದಲ್ಲಿ ತೀರುವಂತಿರಲಿ. ನನ್ನ ಅಂದಾಜಿನಲ್ಲಿ ಅದು ನಿಮ್ಮ ಹೆಂಡತಿಯ ಸಂಬಳ. ಹುಬ್ಬಳ್ಳಿ ಸುತ್ತಲ ಐದಾರು ಜಿಲ್ಲೆಗಳ ರೋಗಿಗಳು ಬರುವ ಊರು. ಅನುಭವ ಇರುವ ನರ್ಸ್‌ಗೆ ಇಲ್ಲಿ ಕೆಲಸ ತಪ್ಪುವುದು ಕಷ್ಟ.

ಈಗ ‘ಹೊರಗಿನವರು’ ಎಂಬ ಮಾತಿಗೆ ಬರೋಣ. ಈ ಊರಿನಲ್ಲಿ ಹೊರಗಿನವರು ಅಂದರೆ ಯಾರು ಅಂತ ಹೇಳುವುದೇ ಕಷ್ಟ. ರೈಲ್ವೆ ಬಂದಾಗ ತೆಲುಗರು, ತಮಿಳರು ಬಂದರು. ಗದಗ ರಸ್ತೆ, ಕೇಶ್ವಾಪುರದ ಕಡೆ ಅವರ ಮೂರನೇ, ನಾಲ್ಕನೇ ತಲೆಮಾರು ಈಗ ನಡೆಯುತ್ತಿದೆ. ಬಟ್ಟೆ, ಕಿರಾಣಿ ವ್ಯಾಪಾರಕ್ಕೆ ಮಾರವಾಡಿ, ಗುಜರಾತಿ ಮನೆತನಗಳು ಬಂದವು. ಉರ್ದು, ಮರಾಠಿ, ಕೊಂಕಣಿ ಮನೆಮಾತಿನವರು, ಸಾವಜಿ ಮನೆತನಗಳು, ಲಂಬಾಣಿಗರು ಎಲ್ಲ ಇದ್ದಾರೆ. ದುರ್ಗದಬೈಲಿನಲ್ಲಿ ಸಂಜೆ ಅರ್ಧ ಗಂಟೆ ನಿಂತರೆ ನಾಲ್ಕೈದು ಭಾಷೆ ಕಿವಿಗೆ ಬೀಳುತ್ತವೆ. ಎಲ್ಲರೂ ಒಬ್ಬರೊಡನೊಬ್ಬರು ಆಡುವುದು ಮಾತ್ರ ಹುಬ್ಬಳ್ಳಿ ಕನ್ನಡ. ನಿಮ್ಮ ಮಕ್ಕಳು ಆರೇ ತಿಂಗಳಲ್ಲಿ ‘ಹೌದ್ರೀ’ ಅನ್ನಲು ಶುರು ಮಾಡುತ್ತಾರೆ. ನೋಡ್ತಾ ಇರಿ.

ಹಾಗಂತ ಬಾಡಿಗೆಗೆ ಮನೆ ಕೇಳಲು ಹೋದಾಗ ಎಲ್ಲ ಸಲೀಸು ಅಂತ ಹೇಳಿದರೆ ಸುಳ್ಳಾಗುತ್ತದೆ. ‘ನೀವು ಯಾವ ಮಂದಿ?’ ಅಂತ ಕೇಳುವ ಮಾಲೀಕರು ಇದ್ದಾರೆ. ಮಾಂಸ ತಿನ್ನುತ್ತೀರಾ ಅಂತ ಕೇಳುವವರೂ ಇದ್ದಾರೆ. ಇದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಬೇರೆ ಊರುಗಳಲ್ಲೂ ಇದು ಇದೆ. ಇಲ್ಲಿ ಬಾಯಿಬಿಟ್ಟು ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ಮನೆ ನೋಡಿ, ಅಮ್ಮನಿಗೆ ಇಷ್ಟವಾಗಿ, ಆಮೇಲೆ ‘ಇಲ್ಲ’ ಅನ್ನಿಸಿಕೊಂಡರೆ ಮನಸ್ಸಿಗೆ ನೋವಾಗುತ್ತದೆ. ಅದಕ್ಕೇ ಫೋನಿನಲ್ಲೇ ವಿಷಯ ಸ್ಪಷ್ಟ ಮಾಡಿಕೊಂಡು ನೋಡಲು ಹೋಗಿ. ಹೆಂಡತಿಯ ಆಸ್ಪತ್ರೆಯ ಸಿಬ್ಬಂದಿ, ನಿಮ್ಮ ಕಾರ್ಖಾನೆಯ ಸಹೋದ್ಯೋಗಿಗಳ ಮೂಲಕ ಹುಡುಕಿ. ಪರಿಚಯದವರು ಒಂದು ಮಾತು ಹೇಳಿದರೆ ಈ ಊರಿನಲ್ಲಿ ಬಾಗಿಲು ಬೇಗ ತೆರೆಯುತ್ತದೆ.

ಎಲ್ಲಿ ಇರಬೇಕು? ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಸುಮಾರು 20 ಕಿಲೋಮೀಟರ್. 1962ರಲ್ಲಿ ಎರಡೂ ಸೇರಿ ಒಂದೇ ಪಾಲಿಕೆ ಆದವು. 2011ರ ಜನಗಣತಿಯಲ್ಲಿ ಎರಡೂ ಸೇರಿ ಸುಮಾರು 9.43 ಲಕ್ಷ ಜನ. ಬೇಲೂರು ಇರುವುದು ಧಾರವಾಡ ದಾಟಿ ಬೆಳಗಾವಿ ರಸ್ತೆಯಲ್ಲಿ. ವಿದ್ಯಾನಗರ ಇರುವುದು ಹುಬ್ಬಳ್ಳಿಯಲ್ಲಿ. ಅಂದರೆ ನಿಮ್ಮಿಬ್ಬರ ಕೆಲಸ ಎರಡು ತುದಿಗೆ. ಇಂಥವರು ಸಾಮಾನ್ಯವಾಗಿ ನಡುವೆ ಮನೆ ಹುಡುಕುತ್ತಾರೆ: ನವನಗರ, ರಾಯಾಪುರ, ಸತ್ತೂರು. ಚಿಗರಿ ಬಸ್ಸಿನ ದಾರಿ ಅದು. ಬಸ್ಸಿಗೆ ಬೇರೆ ಲೇನ್ ಇರುವುದರಿಂದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ನಿಮ್ಮ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ಬೇರೆ. ಕಾರ್ಖಾನೆಯವರನ್ನು ಮೊದಲು ಕೇಳಿ, ಶಿಫ್ಟ್ ಬಸ್ಸು ಇದೆಯಾ, ಎಲ್ಲಿಂದ ಹತ್ತಬಹುದು ಅಂತ. ಹುಬ್ಬಳ್ಳಿಯಿಂದಲೇ ಬಸ್ಸಿದ್ದರೆ ಮನೆ ಹೆಂಡತಿಯ ಕೆಲಸಕ್ಕೆ ಹತ್ತಿರ ಇರಲಿ. ರಾತ್ರಿ ಡ್ಯೂಟಿ ಮಾಡುವ ನರ್ಸ್‌ಗೆ ಹತ್ತು ನಿಮಿಷದ ದಾರಿಯೂ ಭಾರ. ನೀವು ಬಸ್ಸಿನಲ್ಲಿ ಕೂತು ನಿದ್ದೆ ಮಾಡಬಹುದು, ಅವರಿಗೆ ಅದು ಆಗುವುದಿಲ್ಲ. ಉಣಕಲ್, ಭೈರಿದೇವರಕೊಪ್ಪದ ಕಡೆ ನೋಡಿ. ಬೈಕಿನಲ್ಲಿ ದಿನಾ ಬೈಪಾಸ್ ಮೇಲೆ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎರಡೇ ಲೇನ್ ಇದ್ದಾಗ ಆ ರಸ್ತೆಯಲ್ಲಿ ಆದ ಸಾವುಗಳ ನಂತರವೇ ಅದನ್ನು ಅಗಲ ಮಾಡುವ ಕೆಲಸ ಕೈಗೆತ್ತಿಕೊಂಡದ್ದು.

ಬಾಡಿಗೆ ಮನೆ ನೋಡುವಾಗ ಬೆಂಗಳೂರಿನವರು ಪಾರ್ಕಿಂಗ್ ಕೇಳುತ್ತಾರೆ. ಇಲ್ಲಿಯವರು ಕೇಳುವ ಮೊದಲ ಪ್ರಶ್ನೆ ಬೇರೆ: ‘ನಳಕ್ಕ ಎಷ್ಟ ದಿನಕ್ಕ ನೀರ ಬರ್ತದ್ರೀ?’ ಊರಿಗೆ ನೀರು ಬರುವುದು ಮುಖ್ಯವಾಗಿ ಸವದತ್ತಿಯ ಮಲಪ್ರಭಾ ಜಲಾಶಯದಿಂದ. 2008ರಲ್ಲಿ ಕೆಲವು ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ 24 ಗಂಟೆ ನೀರು ಕೊಡಲು ಶುರು ಮಾಡಿದರು. ದೇಶದಲ್ಲೇ ಹೆಸರಾದ ಪ್ರಯೋಗ ಅದು. ಅದೇ ಊರಿನ ಬೇರೆ ವಾರ್ಡುಗಳಲ್ಲಿ ವಾರಕ್ಕೊಮ್ಮೆ ನೀರು ಬಂದ ದಿನಗಳನ್ನೂ ನಾನು ನೋಡಿದ್ದೇನೆ. ಒಂದೇ ರಸ್ತೆಯ ಈ ಕಡೆಗೂ ಆ ಕಡೆಗೂ ವ್ಯತ್ಯಾಸ ಇರಬಹುದು. ಮಾಲೀಕರ ಮಾತು ಸಾಲದು. ಪಕ್ಕದ ಮನೆಯ ಅಂಗಳದಲ್ಲಿ ನಿಂತು ಕೇಳಿ. ಸಂಪಿನ ಮುಚ್ಚಳ ತೆಗೆಸಿ ನೋಡಿ. ಬೋರ್ ನೀರೋ, ನಳದ ನೀರೋ, ಎಷ್ಟು ಮನೆಗೆ ಒಂದು ಸಂಪು, ಮೇ ತಿಂಗಳಲ್ಲಿ ಟ್ಯಾಂಕರ್ ತರಿಸಿದ್ದರಾ, ಇಷ್ಟು ಕೇಳಿ. ಕರಾರು ಪತ್ರ 11 ತಿಂಗಳಿಗೆ ಬರೆಯುತ್ತಾರೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂಬ ನಿಯಮವೇ ಇದಕ್ಕೆ ಕಾರಣ, ಹೆದರಬೇಡಿ.

ಇನ್ನು ನೀವು ನಿಜವಾಗಿ ಕೇಳಿದ ವಿಷಯ, ಆ ಪ್ಲಾಟು.

ಗುಂಟಾ ಪ್ಲಾಟ್ ಅಂದರೆ ಏನು ಅಂತ ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ ರೆವಿನ್ಯೂ ಸೈಟು. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1,089 ಚದರಡಿ. ರೈತರ ಹೊಲವನ್ನು ಗುಂಟೆ ಲೆಕ್ಕದಲ್ಲಿ ಕಲ್ಲು ನೆಟ್ಟು ಮಾರುತ್ತಾರೆ. ದಾಖಲೆಯಲ್ಲಿ ಅದು ಇನ್ನೂ ಹೊಲವೇ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಿಮ್ಮ ಪ್ಲಾಟು ಅಂತ ಬೇರೆಯಾಗಿ ಏನೂ ಇರುವುದಿಲ್ಲ. ಹಲವರ ಹೆಸರು ಜಂಟಿಯಾಗಿ ಇರುತ್ತದೆ, ಅದರಲ್ಲಿ ನೀವೂ ಒಬ್ಬರು. ನಿಮ್ಮ ಪಾಲು ಮೂಲೆಯದೋ, ನಡುವಿನದೋ, ರಸ್ತೆ ಎಲ್ಲಿ ಬರುತ್ತದೋ, ಇದನ್ನು ಹೇಳುವ ಕಾಗದ ಮಾರುವವನು ತೋರಿಸುವ ನಕ್ಷೆ ಮಾತ್ರ. ಆ ನಕ್ಷೆಗೆ ಯಾವ ಕಚೇರಿಯ ಮೊಹರೂ ಇಲ್ಲ.

ಎನ್‌ಎ ಪ್ಲಾಟು ಅಷ್ಟು ದುಬಾರಿ ಯಾಕೆ ಅಂತ ಈಗ ನೋಡಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗಳಿಂದ ಬಿನ್‌ಶೇತ್ಕಿ (ಕೃಷಿಯೇತರ, ಅಂದರೆ ಎನ್‌ಎ) ಆದೇಶ ಆಗಬೇಕು. ಹುಡಾದಿಂದ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಲೇಔಟ್ ನಕ್ಷೆ ಮಂಜೂರಾಗಬೇಕು. ರಸ್ತೆ, ಉದ್ಯಾನಕ್ಕೆ ಜಾಗ ಬಿಡಬೇಕು. ಚರಂಡಿ, ನೀರಿನ ಪೈಪು, ಕರೆಂಟು ಹಾಕಬೇಕು. ಆಮೇಲೆ ಸರ್ವೇ ಇಲಾಖೆಯಲ್ಲಿ ಕಮ್ಮಿ-ಜಾಸ್ತಿ ಪತ್ರಕ, ಅಂದರೆ ಇಲ್ಲಿಯವರು ಕೆಜೆಪಿ ಅನ್ನುತ್ತಾರಲ್ಲ, ಅದು ಆಗಿ ಪ್ರತಿ ಪ್ಲಾಟಿಗೆ ಬೇರೆ ಉತಾರ ಬರಬೇಕು. ಹಳೆಯ ಮುಂಬೈ ಪ್ರಾಂತದ ಪದ್ಧತಿ ಈ ಭಾಗದಲ್ಲಿ ಇನ್ನೂ ಉಳಿದಿದೆ, ಅದಕ್ಕೇ ಈ ಪದಗಳು ನಿಮಗೆ ಹೊಸದು. ಗುಂಟಾ ಪ್ಲಾಟಿನಲ್ಲಿ ಇವು ಯಾವೂ ಆಗಿರುವುದಿಲ್ಲ. ಅರ್ಧ ಬೆಲೆ ಅನ್ನುವುದು ಇದಕ್ಕೇ. ಉಳಿದ ಅರ್ಧವನ್ನು ನೀವು ಆಮೇಲೆ ಬೇರೆ ರೂಪದಲ್ಲಿ ಕಟ್ಟುತ್ತೀರಿ. ರಸ್ತೆಗೆ ಒಮ್ಮೆ, ನೀರಿಗೆ ಒಮ್ಮೆ, ವಕೀಲರಿಗೆ ಒಮ್ಮೆ.

‘ರಿಜಿಸ್ಟರ್ ಆಗ್ತದ’ ಎಂಬ ಮಾತು ನಿಜವೂ ಇರಬಹುದು. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ನಂತರ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಆದರೆ ಉಪನೋಂದಣಿ ಕಚೇರಿಯ ಮೊಹರು ಹೇಳುವುದು ಒಂದೇ ಮಾತು: ಇಂಥವರು ಇಂಥವರಿಗೆ ಇಂಥ ದಿನ ಬರೆದುಕೊಟ್ಟರು. ಅಲ್ಲಿ ಮನೆ ಕಟ್ಟಬಹುದು ಅಂತ ಅದು ಹೇಳುವುದಿಲ್ಲ. ಮಾರಿದವನಿಗೆ ಮಾರುವ ಹಕ್ಕಿತ್ತು ಅಂತಲೂ ಹೇಳುವುದಿಲ್ಲ. ಅವನ ಅಕ್ಕತಂಗಿಯರ ಪಾಲು ಆ ಹೊಲದಲ್ಲಿ ಇರಬಹುದು, ಅಲ್ವಾ? ಬಾಂಡ್ ಪೇಪರ್ ಮೇಲೆ, ಜಿಪಿಎ (ಮುಖತ್ಯಾರ ಪತ್ರ) ಮೇಲೆ ಕೊಡುತ್ತೇವೆ ಅಂದರೆ ಇನ್ನೂ ಅಪಾಯ. ಜಿಪಿಎಯಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬ ನಿವೃತ್ತ ಶಿಕ್ಷಕರು ಬಂದಿದ್ದರು. ಪಿಎಫ್ ಹಣದಲ್ಲಿ ಎರಡು ಗುಂಟೆ ಕೊಂಡಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಜೋಪಾನವಾಗಿ ಮಡಚಿ ತಂದಿದ್ದರು. ಜೊತೆಗೆ ಹೋಗಿ ಜಾಗ ನೋಡಿದೆ. ಅವರ ಪ್ಲಾಟಿನ ಮೇಲೆ ಬೇರೊಬ್ಬರು ತಂತಿ ಬೇಲಿ ಹಾಕಿದ್ದರು. ಅವರ ಬಳಿಯೂ ನೋಂದಣಿಯಾದ ಪತ್ರ ಇತ್ತು, ಅದೇ ಸರ್ವೇ ನಂಬರಿನದು. ಇಬ್ಬರೂ ಹಣ ಕೊಟ್ಟವರೇ, ಇಬ್ಬರೂ ಒಳ್ಳೆಯವರೇ. ಆ ಮೇಷ್ಟರು ಬೇಲಿಯಾಚೆ ನಿಂತು ತಾವು ನೆಟ್ಟ ಬೇವಿನ ಸಸಿ ತೋರಿಸಿದರು. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ.

‘ಮುಂದೆ ಸಕ್ರಮ ಆಗುತ್ತದೆ’ ಅಂತ ಸೋದರಮಾವನವರು ಹೇಳಬಹುದು. ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಸರ್ಕಾರ ಬಿ-ಖಾತಾ ಅಭಿಯಾನ ಮಾಡಿತು. ಬಿ-ಖಾತಾ ಅಂದರೆ ತೆರಿಗೆ ಪುಸ್ತಕದಲ್ಲಿ ಹೆಸರು ಸೇರಿತು ಅಂತ, ಲೇಔಟ್ ಸಕ್ರಮ ಆಯಿತು ಅಂತ ಅಲ್ಲ. ಆ ಅಭಿಯಾನ ಹಿಂದೆ ಕೊಂಡು ಸಿಕ್ಕಿಬಿದ್ದವರಿಗೆ ಒಂದು ದಾರಿ ಮಾಡಿಕೊಟ್ಟಿತು. ಈಗ ಹೊಸದಾಗಿ ಕೊಳ್ಳುವವರು ಅದನ್ನು ನಂಬಿ ಹಣ ಹಾಕಬಾರದು. ಸಾಲದ ವಿಷಯವೂ ಇದೆ. ಇಂಥ ಜಾಗಕ್ಕೆ ರಾಷ್ಟ್ರೀಕೃತ ಬ್ಯಾಂಕುಗಳು ಗೃಹಸಾಲ ಕೊಡುವುದಿಲ್ಲ. ಹೆಚ್ಚು ಬಡ್ಡಿಗೆ ಸೊಸೈಟಿಗಳ ಕಡೆ ಹೋಗಬೇಕಾಗುತ್ತದೆ.

ಬೆಲೆ ಎರಡು ಪಟ್ಟು ಆಗುವ ಮಾತು. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿದ್ದು ನಿಜ. ಅದರಿಂದ ಧಾರವಾಡದವರಿಗೆ ಕೆಲಸ ಸಲೀಸಾಗಬಹುದು. ಹುಬ್ಬಳ್ಳಿ ಹೊರಗಿನ ಒಂದು ಹೊಲಕ್ಕೆ ಅದರಿಂದ ರಸ್ತೆ ಬರುವುದಿಲ್ಲ, ನಳ ಬರುವುದಿಲ್ಲ. ಐಐಟಿ ಬಂದಾಗಲೂ, ಚಿಗರಿ ಬಂದಾಗಲೂ ಇದೇ ಮಾತು ಕೇಳಿದ್ದೇನೆ. ಬೆಲೆ ಏರಿದ್ದು ಕಾಗದ ಸರಿ ಇದ್ದ ಜಾಗಗಳಿಗೆ. ಉಳಿದವು ಮಾರಲು ಹೋದಾಗ ಗಿರಾಕಿಯೇ ಬರಲಿಲ್ಲ.

ಕಾಗದ ಸರಿ ಇದ್ದರೂ ಇನ್ನೊಂದನ್ನು ನೋಡಬೇಕು. ಅದನ್ನು ನೋಡಲು ಒಂದು ವರ್ಷ ಬೇಕು. ಹುಬ್ಬಳ್ಳಿಯ ಬಹುಭಾಗ ಎರೆ ನೆಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಖಾಲಿ ಪ್ಲಾಟಿಗೆ ಹೋಗಿ ನೋಡಿ, ಬಿರುಕಿನಲ್ಲಿ ಕೈ ಮಣಿಕಟ್ಟಿನವರೆಗೆ ಇಳಿಯುತ್ತದೆ. ಅದರ ಮೇಲೆ ಮಾಮೂಲಿ ಮೂರಡಿ ಪಾಯ ಹಾಕಿದರೆ ನಾಲ್ಕೈದು ವರ್ಷದಲ್ಲಿ ಗೋಡೆ ಮೂಲೆಯಿಂದ ಮೂಲೆಗೆ ಸೀಳುತ್ತದೆ, ಬಾಗಿಲು ಮುಚ್ಚುವುದಿಲ್ಲ. ಎರೆ ಮಣ್ಣು ದಾಟಿ ಗರಸು (ಗಟ್ಟಿ ಪದರ) ಸಿಗುವವರೆಗೆ ಅಗೆಯಬೇಕು. ಕಾಲಂ ಎಬ್ಬಿಸಿ ಪ್ಲಿಂತ್ ಬೀಮ್ ಹಾಕಬೇಕು. ಗರಸು ನಾಲ್ಕಡಿಗೆ ಸಿಗುವ ಪ್ಲಾಟಿಗೂ ಹತ್ತಡಿಗೆ ಸಿಗುವ ಪ್ಲಾಟಿಗೂ ಪಾಯದ ಖರ್ಚು ಲಕ್ಷಗಟ್ಟಲೆ ವ್ಯತ್ಯಾಸ. ಕೊಳ್ಳುವ ಮೊದಲು ಜೆಸಿಬಿ ತರಿಸಿ ಒಂದು ಗುಂಡಿ ತೋಡಿಸಿ ನೋಡಲು ಮಾಲೀಕರು ಒಪ್ಪುತ್ತಾರಾ ಕೇಳಿ. ಧಾರವಾಡದ ಕಡೆ ಹೋದಂತೆ ಕೆಂಪು ನೆಲ ಸಿಗುತ್ತದೆ, ಮಳೆಯೂ ಹೆಚ್ಚು, ಮಲೆನಾಡಿನ ಸೆರಗು ಅದು. ಎರಡು ಊರುಗಳ ನಡುವಿನ ಈ ವ್ಯತ್ಯಾಸ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯಿರಿ. ಆಗ ಕೆಲಸ ಗಟ್ಟಿಯೋ ಇಲ್ಲವೋ ತಿಳಿಯುತ್ತದೆ, ಮಕ್ಕಳ ಶಾಲೆ ಎಲ್ಲಿ ಅಂತ ಗೊತ್ತಾಗುತ್ತದೆ, ಯಾವ ಬಡಾವಣೆಯಲ್ಲಿ ನೀರು ನಿಲ್ಲುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಇದರಲ್ಲೂ ನಷ್ಟ ಇದೆ. ವರ್ಷದ ಬಾಡಿಗೆ ಹೋಗುತ್ತದೆ. ಆ ಹೊತ್ತಿಗೆ ಬೆಲೆ ಸ್ವಲ್ಪ ಏರಿರಲೂಬಹುದು. ಆ ನಷ್ಟಕ್ಕೆ ಲೆಕ್ಕ ಇದೆ. ಗುಂಟಾ ಪ್ಲಾಟಿನ ನಷ್ಟಕ್ಕೆ ಲೆಕ್ಕ ಇಲ್ಲ.

ಆಮೇಲೆ ಕೊಳ್ಳುವಾಗ ಎರಡು ದಾರಿ ಇವೆ. ಎನ್‌ಎ ಆಗಿ, ಹುಡಾ ಮಂಜೂರಾತಿ ಇದ್ದು, ಕೆಜೆಪಿ ಮುಗಿದ ಚಿಕ್ಕ ಪ್ಲಾಟು ಒಂದು. ಬ್ಯಾಂಕಿನ ಸಾಲ ಪಡೆದೇ ಕೊಳ್ಳಿ, ಕೈಯಲ್ಲಿ ಹಣ ಇದ್ದರೂ ಸ್ವಲ್ಪ ಸಾಲ ಮಾಡಿ. ಬ್ಯಾಂಕಿನ ವಕೀಲರು ಕಾಗದ ಇನ್ನೊಮ್ಮೆ ನೋಡುತ್ತಾರೆ. 500 ಚದರ ಮೀಟರ್ ಮೀರಿದ ಹೊಸ ಲೇಔಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ನಂಬರ್ ಕೇಳಿ ರೇರಾ ಜಾಲತಾಣದಲ್ಲಿ ನೋಡಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ, ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ.

ಎರಡನೆಯದು ಹಳೆಯ ಬಡಾವಣೆಯ ಹಳೆಯ ಮನೆ. ನನಗೆ ಇದೇ ಹೆಚ್ಚು ಇಷ್ಟ. ಸಿಟಿ ಸರ್ವೇ ನಂಬರ್, ಪ್ರಾಪರ್ಟಿ ಕಾರ್ಡ್ ಇರುತ್ತದೆ. ನಳ ಇರುತ್ತದೆ. ಗೋಡೆಗೆ ಬರಬೇಕಾದ ಬಿರುಕು ಈಗಾಗಲೇ ಬಂದಿರುತ್ತದೆ, ನೀವು ನೋಡಿ ತೀರ್ಮಾನಿಸಬಹುದು. ತೊಂದರೆ ಏನೆಂದರೆ ವಾರಸುದಾರರು ಜಾಸ್ತಿ. ಎಲ್ಲರ ಸಹಿ ಬೇಕು, ಹೆಣ್ಣುಮಕ್ಕಳದ್ದೂ. ಫ್ಲ್ಯಾಟ್ ಬಗ್ಗೆ ನೀವು ಕೇಳಿಲ್ಲ. ಆದರೂ ಒಂದು ಮಾತು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಮಂಜೂರಾದ ನಕ್ಷೆ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ನೋಡದೆ ಫ್ಲ್ಯಾಟಿಗೆ ಮುಂಗಡ ಕೊಡಬೇಡಿ.

ಸೋದರಮಾವನವರಿಗೆ ಏನು ಹೇಳುವುದು? ಅವರು ನಿಮಗೆ ಕೆಡುಕು ಬಯಸಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಈ ಕಡೆ ಬಹಳ ಜನ ಹೀಗೇ ಕೊಂಡು ಮನೆ ಕಟ್ಟಿಕೊಂಡಿದ್ದಾರೆ, ಅವರ ಕಣ್ಣಿಗೆ ಇದು ಸಹಜ. ಮುಖ ಮುರಿಯಬೇಡಿ. ‘ಮಾವ, ಆ ಸರ್ವೇ ನಂಬರಿನ ಉತಾರ, 30 ವರ್ಷದ ಇಸಿ (ಋಣಭಾರ ಪತ್ರ), ಎನ್‌ಎ ಆದೇಶದ ಪ್ರತಿ ಕೊಡಿಸ್ರಿ. ಬ್ಯಾಂಕಿನವರಿಗೆ ತೋರಿಸಬೇಕು’ ಅನ್ನಿ. ಎನ್‌ಎ ಆದೇಶ ಇಲ್ಲ ಅಂದರೆ, ‘ಕೆಜೆಪಿ ಆದ ಮೇಲೆ ಹೇಳ್ರಿ, ಆಗ ತಗೋತೀವಿ’ ಅನ್ನಿ. ಅದಕ್ಕಿಂತ ಮೊದಲು ಮನೆ ಹುಡುಕಲು ಅವರ ಸಹಾಯವನ್ನೇ ಕೇಳಿ. ಉಣಕಲ್ ಕಡೆ ಎರಡು ಕೋಣೆಯ ಬಾಡಿಗೆ ಮನೆ, ನಳದ ನೀರು ಚೆನ್ನಾಗಿ ಬರುವಂಥದ್ದು, ಅಮ್ಮನಿಗೆ ಮೆಟ್ಟಿಲು ಹತ್ತುವ ಕೆಲಸ ಇಲ್ಲದ ಹಾಗೆ ಕೆಳಗಿನ ಮಹಡಿಯದು. ಊರು ಬಲ್ಲ ಮಾವನವರು ಬಂದು ಒಂದು ಮಾತು ಹೇಳಿದರೆ ‘ಯಾವ ಮಂದಿ’ ಎಂಬ ಪ್ರಶ್ನೆಯೂ ಅಲ್ಲಿಗೇ ಮುಗಿಯುತ್ತದೆ.